ಎರಡು ವರ್ಷದ ಮಾತು

ಟಾರ್ಸ್‌ಬೀ ಊರಿನ ಗಂಡಸರ ಬಾಯಿಂದ ನೋವು ಎಂಬ ಒಂದು ಮಾತು ಹೊರಡಿಸಬೇಕಾದರೆ ಸಾಕುಸಾಕಾಗಿ ಹೋಗುತ್ತದೆ. ಟ್ರ್ಯಾಕ್ಟರಿನ ಕೆಳಗೆ ಕಾಲು ಸಿಕ್ಕಿಸಿಕೊಂಡು ಮಲಗಿದವನನ್ನು ಹೇಗಿದ್ದೀಯಪ್ಪ ಎಂದು ಕೇಳಿ ನೋಡಿ. ಪರವಾಗಿಲ್ಲ, ಇನ್ನೊಂದು ಕಾಲು ಚೆನ್ನಾಗಿದೆ ಎನ್ನುತ್ತಾನೆ. ನಾರ್ವೆಯಿಂದ ಬಂದ ಇವರ ಅಜ್ಜಂದಿರು ಉತ್ತರ ಡಕೋಟದ ಈ ಬಯಲಿಗೆ ಗೋಧಿಯ ಬೀಜದ ಜೊತೆ ಈ ಹಾಳು ಬಿಂಕವನ್ನೂ ತಂದು ಬಿತ್ತಿದರೋ ಏನೋ. ಆರಿನ್ ಟ್ವೇಟ್ ಅಂಥವರಲ್ಲೇ ಒಂದು ಕೈ ಮೇಲು. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವ ಆಸಾಮಿ, ವಯಸ್ಸು ಐವತ್ತು ದಾಟಿತ್ತು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕೇಳಿದವರಿಗೆಲ್ಲ ಪರವಾಗಿಲ್ಲ ಎನ್ನುತ್ತಿದ್ದ.

ಅವನ ಹೆಂಡತಿ ಲುದಿವಿನಾ ಈ ದೇಶದವಳೇ ಅಲ್ಲ. ಫಿಲಿಪೀನ್ಸಿನ ಇಲೊಇಲೊ ಪ್ರಾಂತ್ಯದಲ್ಲಿ, ಗಿಂಬಾಲ್ ಎಂಬ ಕಡಲ ತಡಿಯ ಊರಿನಲ್ಲಿ, ಮಾತು ತಡವಾದ, ಬುದ್ಧಿ ನಿಧಾನವಾದ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಅಂಥ ಮಕ್ಕಳಿಗೆ ಟೀಚರು ಎಲ್ಲಿ ಹುಡುಕಿದರೂ ಸಿಗದೆ ಟಾರ್ಸ್‌ಬೀ ಶಾಲೆ ಅವಳನ್ನು ವಿನಿಮಯ ವೀಸಾದ ಮೇಲೆ ಐದು ವರ್ಷಕ್ಕೆ ಕರೆಸಿಕೊಂಡಿತ್ತು. ಆ ವೀಸಾಕ್ಕೆ ಒಂದು ಕರಾರು ಇತ್ತು. ಇಲ್ಲಿ ಕಲಿತದ್ದನ್ನು ತನ್ನ ದೇಶಕ್ಕೆ ಕೊಂಡೊಯ್ಯಬೇಕು, ಅಲ್ಲಿ ಎರಡು ವರ್ಷ ಇರಬೇಕು. ಆಮೇಲಷ್ಟೇ ಇಲ್ಲಿ ನೆಲೆಸುವ ಮಾತು. ನಡುವೆ ಇಲ್ಲಿಯವನನ್ನೇ ಮದುವೆಯಾದರೂ ಕರಾರು ತಪ್ಪದು. ಮನಿಲಾದಲ್ಲಿ ಆ ಕಾಗದಕ್ಕೆ ಸಹಿ ಹಾಕುವಾಗ ಲುದಿಗೆ ನಗು ಬಂದಿತ್ತು. ಮನೆಗೆ ಹೋಗು ಎನ್ನುವುದೂ ಒಂದು ಶಿಕ್ಷೆಯೇ? ಅಮ್ಮ ಇರುವ ಊರು. ಎರಡಲ್ಲ, ಇಪ್ಪತ್ತು ವರ್ಷ ಇರುತ್ತೇನೆ ಎಂದುಕೊಂಡು ಸಹಿ ಹಾಕಿದ್ದಳು.

ಆರಿನ್ ಅವಳಿಗೆ ಸಿಕ್ಕಿದ್ದು ಮೊದಲ ಚಳಿಗಾಲದಲ್ಲಿ. ಇಲ್ಲಿ ರಾತ್ರಿ ಕಾರು ನಿಲ್ಲಿಸಿದರೆ ಎಂಜಿನ್ನಿಗೆ ಕರೆಂಟಿನ ವೈರು ಸಿಕ್ಕಿಸಿ ಬೆಚ್ಚಗಿಡಬೇಕು; ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ನೋಡಿದರೆ ಕಾರು ಕಲ್ಲಾಗಿತ್ತು. ಶಾಲೆಯ ಗ್ಯಾರೇಜಿನಿಂದ ಆರಿನ್ ಬಂದ, ಮಾತಿಲ್ಲದೆ ಮೊಣಕಾಲೂರಿ ಕೂತು ಸರಿಮಾಡಿದ, ಹೊಸ ವೈರನ್ನೂ ಹಾಕಿಕೊಟ್ಟ. ಮೀಸೆಯ ಮೇಲೆ ಮಂಜು ಕಟ್ಟಿತ್ತು. ಒಳಗೆ ಕರೆದು ಕಾಫಿ ಕೊಡಲೇ ಎಂದು ಕೇಳಿದಳು. ಅಯ್ಯೋ ಬೇಡ ಬೇಡ ಎಂದ. ಸರಿ ಬೇಡವಂತೆ ಎಂದು ಅವಳು ಕೆಟಲನ್ನು ಒಲೆಯಿಂದ ಇಳಿಸಿಬಿಟ್ಟಳು. ಅವನು ಮಾತ್ರ ಕುರ್ಚಿ ಬಿಟ್ಟು ಏಳಲೊಲ್ಲ. ಬಹಳ ಹೊತ್ತು ಹಾಗೇ ಕೂತಿದ್ದು, ಟೋಪಿ ಹಾಕಿಕೊಂಡು ಹೋದ. ಅವನ ಅಕ್ಕ ಬೆರಿತ್ ಈ ಕತೆ ಕೇಳಿ ಬಿದ್ದು ಬಿದ್ದು ನಕ್ಕಳು. ಈ ಊರಿನಲ್ಲಿ ಮೂರು ಸಲ ಕೇಳಬೇಕು ಮಾರಾಯ್ತಿ, ಮೊದಲ ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲವೂ ಬೇಡ ಎಂದರೆ ಮಾತ್ರ ಬೇಡ ಎಂದು ವಿವರಿಸಿದಳು. ಮರುವಾರ ಲುದಿ ಮೂರು ಸಲ ಕೇಳಿದಳು. ಅವನು ನಾಲ್ಕು ಕಪ್ಪು ಕುಡಿದ.

ಎರಡನೆಯ ವರ್ಷದ ಕೊನೆಗೆ ಮದುವೆ. ಅದಾದ ಮರುವರ್ಷವೇ ಅವನ ಕಾಲು ಬಾತುಕೊಂಡಿತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅಪ್ಪನಿಂದ ಬಂದ ಕಾಯಿಲೆ. ಅಪ್ಪನೂ ಪರವಾಗಿಲ್ಲ ಎನ್ನುತ್ತಲೇ ಸತ್ತಿದ್ದನಂತೆ. ವಾರಕ್ಕೆ ಮೂರು ದಿನ ಮೈನಾಟ್ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಕೂರಬೇಕು. ರಕ್ತವೆಲ್ಲ ಒಮ್ಮೆ ಹೊರಗೆ ಹೋಗಿ ತೊಳೆದುಕೊಂಡು ಬಂದಮೇಲೆ ಮನುಷ್ಯನಿಗೆ ಸ್ಟೀರಿಂಗ್ ಹಿಡಿಯುವ ತ್ರಾಣ ಎಲ್ಲಿಂದ ಬರಬೇಕು? ಲುದಿ ಶಾಲೆ ಮುಗಿಸಿ ಓಡುತ್ತಿದ್ದಳು, ಹಿಮದ ರಸ್ತೆಯಲ್ಲಿ ಅವನನ್ನು ಕರೆತರುತ್ತಿದ್ದಳು. ಆಲೂಗೆಡ್ಡೆಯನ್ನು ಎರಡೆರಡು ಸಲ ಬೇಯಿಸಿ ನೀರು ಬಸಿದು, ಉಪ್ಪಿಲ್ಲದೆ, ಅವನ ಬಾಯಿಗೆ ಹಿಡಿಸುವಂತೆ ಮಾಡುವುದನ್ನು ಕಲಿತಳು. ಆ ಊಟಕ್ಕೂ ಅವನದು ಅದೇ ಮಾತು, ಪರವಾಗಿಲ್ಲ. ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಅವಳು ಅವನನ್ನು ಪಾಂಗಾ ಎಂದು ಕರೆಯುತ್ತಿದ್ದಳು, ಅವಳ ಕಡೆ ಜೀವಕ್ಕೆ ಹತ್ತಿರವಾದವರನ್ನು ಕರೆಯುವುದು ಹಾಗೆ. ಅವನು ಅವಳನ್ನು ಲುದಿ ಎಂದು ಮಾತ್ರ ಕರೆಯುತ್ತಿದ್ದ. ಪ್ರೀತಿ ಗೀತಿ ಎಂಬ ಮಾತು ಅವನ ಬಾಯಿಂದ ಬಂದದ್ದು ಚರ್ಚಿನಲ್ಲಿ ಪಾದ್ರಿ ಹೇಳಿಕೊಟ್ಟಾಗ ಒಂದೇ ಸಲ.

ಬದುಕಿಕೊಳ್ಳಲು ಒಂದು ದಾರಿ ಇತ್ತು. ಯಾರದಾದರೂ ಕಿಡ್ನಿ ಹಾಕಿಸಬೇಕು. ಲುದಿಯದು ಅವನಿಗೆ ಹೊಂದಲಿಲ್ಲ. ಅಕ್ಕನಿಗೂ ಅದೇ ಕಾಯಿಲೆಯ ಅಂಶ. ಹಾಗಾಗಿ ಸತ್ತವರ ಕಿಡ್ನಿಗೆ ಕಾಯುವವರ ಸಾಲಿನಲ್ಲಿ ಹೆಸರು ಬರೆಸಿದ್ದರು. ಅವನ ಸರದಿ ಹತ್ತಿರವಾಗುತ್ತಿದೆ, ಫೋನು ಬಂದ ದಿನ ಕೆಲವೇ ಗಂಟೆಯಲ್ಲಿ ಆಸ್ಪತ್ರೆ ಸೇರಬೇಕು, ಊರು ಬಿಟ್ಟು ದೂರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು.

ಲುದಿಯ ಐದು ವರ್ಷ ಮುಗಿಯುತ್ತ ಬಂತು. ಕರಾರಿನಲ್ಲಿ ಅನ್ಯಾಯವಿದೆ ಎಂದು ಬೈದುಕೊಳ್ಳೋಣವೆಂದರೆ ಅದೂ ಆಗದು. ಗಿಂಬಾಲಿನ ಅವಳ ಹಳೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ಕ್ರಿಸ್‌ಮಸ್ಸಿಗೊಮ್ಮೆ ಫೋನು ಮಾಡಿ, ನೀನು ಬಿಟ್ಟುಹೋದ ಮಕ್ಕಳಿಗೆ ಇನ್ನೂ ಟೀಚರು ಸಿಕ್ಕಿಲ್ಲ, ಯಾವಾಗ ಬರುತ್ತೀಯ ಎಂದು ಕೇಳುತ್ತಿದ್ದಳು. ಆ ಮಕ್ಕಳ ಹೆಸರುಗಳೂ ಅವಳಿಗೆ ನೆನಪಿದ್ದವು. ಮಾತು ಕೊಟ್ಟವಳು ತಾನೇ. ಆದರೆ ಮಾತು ಕೊಟ್ಟಾಗ ಆರಿನ್ ಎಂಬವನು ಇದ್ದಾನೆಂದು ಅವಳಿಗೇನು ಗೊತ್ತಿತ್ತು?

ವಕೀಲೆ ಹಾಕ್‌ವುಡ್ ಎಂಬಾಕೆ ಕರಾರಿನಿಂದ ಬಿಡಿಸಿಕೊಳ್ಳುವ ದಾರಿ ಹೇಳಿದಳು. ಹೆಂಡತಿ ಹೊರಟುಹೋದರೆ ಇಲ್ಲಿಯ ಗಂಡನಿಗೆ ತಡೆಯಲಾರದ ಕಷ್ಟ ಎಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ಅಷ್ಟೇ ಸಾಲದು, ಗಂಡ ಅವಳ ಹಿಂದೆ ಆ ದೇಶಕ್ಕೆ ಹೋದರೂ ಅಷ್ಟೇ ಕಷ್ಟ ಎಂದು ತೋರಿಸಬೇಕು. ಎರಡರಲ್ಲಿ ಒಂದು ನಿಲ್ಲದಿದ್ದರೂ ಅರ್ಜಿ ಬಿದ್ದುಹೋಗುತ್ತದೆ. ಆಸ್ಪತ್ರೆಯ ಕಾಗದಗಳು ಇದ್ದೇ ಇವೆ, ಅವುಗಳ ಜೊತೆಗೆ ಮನಸ್ಸಿನ ಡಾಕ್ಟರೊಬ್ಬರು ಆರಿನ್‌ನನ್ನು ಮಾತಾಡಿಸಿ ವರದಿ ಬರೆಯಬೇಕು ಎಂದಳು. ಆಮೇಲೆ ಅವನ ಕಡೆ ತಿರುಗಿ, ಕಷ್ಟವನ್ನು ಕಷ್ಟ ಅಂತಲೇ ಹೇಳಿ, ಸುಳ್ಳು ಬೇಡ, ನಿಜ ಹೇಳಿದರೆ ಸಾಕು ಎಂದು ಮತ್ತೆ ಮತ್ತೆ ಹೇಳಿದಳು. ಆರಿನ್ ತಲೆಯಾಡಿಸಿದ. ಲುದಿಗೆ ಮಾತ್ರ, ಅವನು ಮಾತಾಡುವಾಗ ನೀವು ನಡುವೆ ಬಾಯಿ ಹಾಕಕೂಡದು, ಹೇಳಿಕೊಟ್ಟ ಹಾಗೆ ಕಾಣುತ್ತದೆ ಎಂದು ಎಚ್ಚರಿಸಿದಳು.

ಮನಸ್ಸಿನ ಡಾಕ್ಟರು ಫಾರ್ಗೋದಲ್ಲಿದ್ದಳು. ದಕ್ಷಿಣದ ಬಿಸಿಲು ನಾಡಿನಿಂದ ಹೊಸದಾಗಿ ಬಂದವಳು, ಒಳ್ಳೆಯವಳು, ಮಾತು ಚುರುಕು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ಆರಿನ್ ಮದುವೆಯ ದಿನದ ಕೋಟು ಹಾಕಿಕೊಂಡಿದ್ದ. ಮೈ ಇಳಿದು ಅದು ಹೆಗಲಿನಿಂದ ಜಾರುತ್ತಿತ್ತು. ಕಾಯಿಲೆಯ ವಿಚಾರ, ಊಟ, ನಿದ್ದೆ ಎಲ್ಲ ಕೇಳಿದ ಮೇಲೆ ಡಾಕ್ಟರು ವಿಷಯಕ್ಕೆ ಬಂದಳು.

"ಇವರು ಎರಡು ವರ್ಷ ಇಲ್ಲಿ ಇಲ್ಲದಿದ್ರೆ ನಿಮಗೆ ಕಷ್ಟ ಆಗುತ್ತಾ?"

"ಅಂಥದ್ದೇನಿಲ್ಲ. ಹೆಂಗೋ ನಡೆಯುತ್ತೆ ಬಿಡಿ."

ಡಾಕ್ಟರು ಬರೆದುಕೊಂಡಳು. ಆರಿನ್ ಕೋಟಿನ ಗುಂಡಿ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತ ಕೂತ. ಲುದಿಗೆ ಆ ನೋಟ ಗುರುತು ಸಿಕ್ಕಿತು. ಕೆಟಲ್ ಇಳಿಸಿದ ದಿನ ತನ್ನ ಅಡುಗೆಮನೆಯಲ್ಲಿ ಹೀಗೇ ಕೂತಿದ್ದ. ಇನ್ನೊಂದು ಸಲ ಕೇಳಲಿ ಎಂದು ಕಾಯುತ್ತಿದ್ದಾನೆ. ಕೇಳು ತಾಯಿ, ಇನ್ನೊಂದು ಸಲ ಕೇಳು ಎಂದು ಲುದಿ ಒಳಗೊಳಗೇ ಬೇಡಿಕೊಂಡಳು. ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು, ವಕೀಲೆ ಹೇಳಿದ್ದಳಲ್ಲ. ಬಿಸಿಲು ನಾಡಿನವಳಿಗೆ ಏನು ತಿಳಿಯಬೇಕು? ಅವಳ ಕಡೆ ಬೇಡ ಎಂದರೆ ಬೇಡ ಎಂದೇ ಲೆಕ್ಕ. ಅವಳು ಹಾಳೆ ತಿರುಗಿಸಿದಳು.

"ನೀವೇ ಇವರ ಜೊತೆ ಅಲ್ಲಿಗೆ ಹೋಗಿ ಇರೋಕೆ ಆಗುತ್ತಾ?"

ಆರಿನ್ ಈ ಸಲ ಯೋಚನೆ ಮಾಡಲಿಲ್ಲ.

"ಇವಳು ಎಲ್ಲಿರ್ತಾಳೋ ನಾನೂ ಅಲ್ಲೇ ಇರ್ತೀನಿ," ಎಂದ. "ಅದರಲ್ಲಿ ಕೇಳೋದೇನಿದೆ?"

ಲುದಿಯ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಇಂಥದೊಂದು ಮಾತಿಗೆ ಅವಳು ಬಾಯಿಬಿಟ್ಟು ಹೇಳದೆ ಕಾದಿದ್ದಳು. ಆ ಸಂತೋಷದ ಜೊತೆಗೇ, ಆ ಒಂದು ಮಾತಿಗೇ ಅರ್ಜಿ ಬಿದ್ದುಹೋಯಿತೆಂದೂ ಅವಳಿಗೆ ಗೊತ್ತಾಗಿತ್ತು.

ವರದಿ ನೋಡಿ ವಕೀಲೆ ತಲೆ ಮೇಲೆ ಕೈಹೊತ್ತು ಕೂತಳು. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಬೇರೆ ರೀತಿ ಹೇಳಿ ಬನ್ನಿ ಎಂದಳು. ಆರಿನ್ ಒಪ್ಪಲಿಲ್ಲ. ಒಬ್ಬರ ಎದುರು ಒಂದು, ಇನ್ನೊಬ್ಬರ ಎದುರು ಇನ್ನೊಂದು ಹೇಳುವ ಜಾಯಮಾನ ನನ್ನದಲ್ಲ ಎಂದ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಊರು ನನಗೆ ಆಗದು ಎಂದು ಹೇಗೆ ಹೇಳುವುದು ಎಂದೂ ಕೇಳಿದ. ಬೆರಿತ್ ಅಕ್ಕ ಕಾರಿನ ಬಾಗಿಲು ಧಡಾರನೆ ಹಾಕಿಕೊಂಡು ಬಂದು ಅಡುಗೆಮನೆಯಲ್ಲಿ ನಿಂತು ಅವನ ಬೆವರಿಳಿಸಿದಳು.

"ಕಷ್ಟ ಆಗುತ್ತೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು? ಅಪ್ಪನ ಬಾಯೇ ಬಂದಿದೆ ನಿನಗೆ. ಆ ಬಾಯಿಗಿಷ್ಟು ಬೆಂಕಿ ಹಾಕ."

ಅವಳು ಹೋದ ಮೇಲೆ, ಅಕ್ಕನಿಗೆ ಬೆನ್ನುನೋವಿರಬೇಕು, ಸಿಡುಕು ಜಾಸ್ತಿಯಾಗಿದೆ ಎಂದ.

ಬೇರೆ ದಾರಿಯಿಲ್ಲದೆ ಅದೇ ವರದಿಯೊಂದಿಗೆ ಅರ್ಜಿ ಹೋಯಿತು. ಸರ್ಕಾರದ ಉತ್ತರ ಬರಲು ಚಳಿಗಾಲ ಪೂರ್ತಿ ಹಿಡಿಯಿತು. ಹಿಮ ಕರಗಿ ರಸ್ತೆಯ ಬದಿಯೆಲ್ಲ ಕೆಸರಾಗಿದ್ದ ಒಂದು ದಿನ ವಕೀಲೆ ಫೋನು ಮಾಡಿದಳು. ಗಂಡನಿಗೆ ಕಾಯಿಲೆ ಇರುವುದು ನಿಜ. ಆದರೆ ಹೆಂಡತಿ ಇಲ್ಲದೆಯೂ ನಡೆಯುತ್ತದೆ ಎಂದು ಅವನೇ ಹೇಳಿದ್ದಾನೆ, ಅವಳ ಜೊತೆ ಹೋಗಲೂ ಸಿದ್ಧನಿದ್ದಾನೆ, ಅಲ್ಲಿಯೂ ಡಯಾಲಿಸಿಸ್ ಸಿಗುತ್ತದೆ. ಆದ್ದರಿಂದ ಬಿಡುಗಡೆ ಇಲ್ಲ. ಮತ್ತೆ ಅರ್ಜಿ ಹಾಕಬಹುದು, ಆದರೆ ಅದರ ತೀರ್ಮಾನವಾಗುವಷ್ಟರಲ್ಲಿ ನಿಮ್ಮ ಎರಡು ವರ್ಷ ಅಲ್ಲೇ ಕಳೆದಿರುತ್ತದೆ ಎಂದಳು. ಶಾಲೆ ಮುಗಿದ ಒಂದು ತಿಂಗಳಲ್ಲಿ ಲುದಿ ಹೊರಡಬೇಕಾಯಿತು. ಕಳ್ಳತನದಿಂದ ಉಳಿಯುವ ಯೋಚನೆ ಒಂದು ಕ್ಷಣ ಅವಳಿಗೆ ಬಂದದ್ದುಂಟು. ಹಾಗೆ ಉಳಿದರೆ ಮುಂದೆ ಯಾವತ್ತೂ ಸರಿಯಾದ ಬಾಗಿಲಿನಿಂದ ಒಳಗೆ ಬರಲಾಗದು ಎಂದು ಆ ಯೋಚನೆಯನ್ನು ಬಿಟ್ಟಳು.

ಆರಿನ್‌ಗೆ ಮಾತ್ರ ಈ ಸುದ್ದಿಯಿಂದ ಏನೋ ಹಗುರವಾದಂತೆ ಇತ್ತು. ಅವನೇ ಎಂದೂ ಇಲ್ಲದ ಹಾಗೆ ಮಾತಾಡತೊಡಗಿದ. ಗಿಂಬಾಲಿನಲ್ಲಿ ಬಸ್ಸುಗಳು ಯಾವ ಕಂಪನಿಯವು, ಅನ್ನಕ್ಕೆ ಬೆಣ್ಣೆ ಹಾಕಿಕೊಂಡರೆ ನಿಮ್ಮಮ್ಮ ನಗುತ್ತಾರಾ ಎಂದೆಲ್ಲ ಕೇಳಿದ. ಗ್ಯಾರೇಜಿನ ಸಾಮಾನುಗಳನ್ನು ಒರೆಸಿ ಒರೆಸಿ ಪೆಟ್ಟಿಗೆಗೆ ಹಾಕಿದ. ಜೀವಮಾನದಲ್ಲಿ ಕೆನಡಾದ ಗಡಿ ದಾಟಿ ಮೀನು ಹಿಡಿಯಲು ಹೋಗಿದ್ದು ಬಿಟ್ಟರೆ ಅವನು ಪರದೇಶ ಕಂಡವನಲ್ಲ. ಪಾಸ್‌ಪೋರ್ಟಿನ ಫೋಟೊಗೆ ಮೀಸೆ ಕತ್ತರಿಸಿಕೊಂಡು ಬಂದು ಹೆಂಡತಿಯ ಎದುರು ನಾಚಿಕೊಂಡು ನಿಂತ. ಲುದಿ ನಕ್ಕು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಗಿಂಬಾಲಿನಲ್ಲಿ ಏನಿದೆ ಏನಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಯಂತ್ರ ಇದೆ, ಸರ್ಕಾರದವರು ಹೇಳಿದ್ದು ಸುಳ್ಳಲ್ಲ. ಬಸ್ಸಿನಲ್ಲಿ ನಗರಕ್ಕೆ ಹೋಗಬೇಕು, ಸಾಲಿನಲ್ಲಿ ಕೂರಬೇಕು. ಅವಳ ಸೋದರಮಾವ ಹಾಗೆ ಮೂರು ವರ್ಷ ಬದುಕಿದ್ದ. ಆದರೆ ಅಲ್ಲಿ ಪರದೇಶದವನಿಗೆ ಕಿಡ್ನಿ ಸಿಗುವುದಿಲ್ಲ. ಇಲ್ಲಿಯ ಸಾಲಿನಲ್ಲೋ, ದೂರ ಹೋದವನ ಹೆಸರು ಇದ್ದೂ ಇಲ್ಲದ ಹಾಗೆ. ಫೋನು ಬರುವ ದಿನ ಅವನು ಕಡಲಾಚೆ ಕೂತಿದ್ದರೆ ಆ ಕಿಡ್ನಿ ಮುಂದಿನವನಿಗೆ. ಅಪ್ಪ ಎಷ್ಟು ವರ್ಷಕ್ಕೆ ಸತ್ತನೋ ಆರಿನ್ ಈಗ ಅಷ್ಟೇ ವರ್ಷದವನು. ಅವನು ಜೊತೆಗೆ ಬಂದರೆ ಎರಡು ವರ್ಷ ಮುಗಿಸಿಕೊಂಡು ತಾನೊಬ್ಬಳೇ ಹಿಂತಿರುಗಬೇಕಾದೀತು ಎಂದು ಅವಳ ಮನಸ್ಸು ಒಂದೇ ಸಮ ಹೇಳುತ್ತಿತ್ತು. ಇಲ್ಲೇ ಉಳಿದರೆ ಬೆರಿತ್ ಇದ್ದಾಳೆ, ಚರ್ಚಿನವರು ಸರದಿಯ ಮೇಲೆ ಕಾರು ಓಡಿಸುತ್ತಾರೆ, ಫೋನು ಬಂದರೆ ಎತ್ತಿಕೊಂಡಾದರೂ ಹೋಗುತ್ತಾರೆ.

ಬೆರಿತ್‌ಗೆ ಇದನ್ನೆಲ್ಲ ಹೇಳಿ, ನೀವಾದರೂ ತಡೆಯಿರಿ ಎಂದು ಕೇಳಿಕೊಂಡಳು. ಬೆರಿತ್ ಆಗಲೇ ಪ್ರಯತ್ನ ಮಾಡಿ ಸೋತಿದ್ದಳು. ಡಾಕ್ಟರು ಹೇಳಿದರು, ಪಾದ್ರಿ ಹೇಳಿದರು. ಎಲ್ಲರಿಗೂ ಅವನದು ಒಂದೇ ಉತ್ತರ: ಪರವಾಗಿಲ್ಲ.

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಆರಿನ್ ತಾನಾಗಿಯೇ ಹೇಳಿದ. ನಾಳೆ ಆಸ್ಪತ್ರೆಗೆ ಫೋನು ಮಾಡಿ ಆ ಸಾಲಿನಿಂದ ನನ್ನ ಹೆಸರು ತೆಗೆಸಿಬಿಡುತ್ತೇನೆ, ಕಾಯುವವರು ಬೇರೆಯವರು ಇದ್ದಾರೆ ಎಂದ. ಲುದಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

"ನೀನು ಬರೋದು ಬೇಡ," ಎಂದಳು.

ಅವನು ನಕ್ಕ. ಮೊದಲ ಸಲ ಬೇಡ ಎಂದದ್ದನ್ನು ಅವನ ಊರಿನಲ್ಲಿ ಯಾರು ತಾನೇ ನಿಜವೆಂದುಕೊಳ್ಳುತ್ತಾರೆ. ಗೆಡ್ಡೆ ಚೆನ್ನಾಗಿ ಬೆಂದಿದೆ ಎಂದು ತಟ್ಟೆ ಮುಂದಕ್ಕೆ ಚಾಚಿದ.

"ನಾನು ಮರ್ಯಾದೆಗೆ ಹೇಳ್ತಿಲ್ಲ, ಆರಿನ್. ನೀನು ಅಲ್ಲಿಗೆ ಬರೋದು ನನಗೆ ಬೇಡ."

ಪಾಂಗಾ ಎನ್ನದೆ ಹೆಸರು ಹಿಡಿದು ಕರೆದದ್ದಕ್ಕೆ ಅವನು ತಲೆಯೆತ್ತಿದ. ಲುದಿಗೆ ಇನ್ನು ನಿಲ್ಲಿಸಿದರೆ ಮತ್ತೆ ಹೇಳಲಾಗದು ಎಂದು ಗೊತ್ತಿತ್ತು.

"ಅಲ್ಲಿ ನನ್ನಮ್ಮ ಇದಾಳೆ, ಮಕ್ಕಳು ಇದಾರೆ. ಇಲ್ಲಿಗೆ ಟೀಚರ್ ಆಗಿ ಬಂದೋಳು ನರ್ಸಾಗಿಬಿಟ್ಟೆ. ನಿನ್ನ ಸೂಜಿ, ನಿನ್ನ ಯಂತ್ರ, ನಿನ್ನ ಉಪ್ಪಿಲ್ಲದ ಅಡುಗೆ. ನನಗೆ ಸಾಕಾಗಿ ಹೋಗಿದೆ. ಅಲ್ಲಿಗೂ ನಿನ್ನ ಕಟ್ಕೊಂಡು ಹೋಗೋಕೆ ನನ್ನಿಂದ ಆಗಲ್ಲ. ಎರಡು ವರ್ಷ ನನ್ನ ಪಾಡಿಗೆ ನನ್ನ ಬಿಡು."

ಸಾಕಾಗಿದೆ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ. ಅಂಥ ದಿನಗಳು ಅವಳಿಗೆ ಬಂದಿದ್ದವು, ಯಾರಿಗೆ ಬರುವುದಿಲ್ಲ? ಅದರಿಂದಲೇ ಅವಳ ದನಿ ನಡುಗದೆ ಬಂತು. ಆರಿನ್ ಅವಳ ಮುಖವನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೇಡ ಎಂದು ನಿಜವಾಗಿ ಹೇಳಿದರೆ ಅದನ್ನು ಒಪ್ಪಿಕೊಳ್ಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಸರಿ," ಎಂದ. "ಮೊದಲೇ ಹೇಳ್ಬಹುದಿತ್ತು." ತಟ್ಟೆಯಲ್ಲಿದ್ದದ್ದನ್ನು ಕೊನೆಯ ತುತ್ತಿನವರೆಗೂ ಉಂಡ, ತಟ್ಟೆ ತೊಳೆದಿಟ್ಟ, ಗ್ಯಾರೇಜಿಗೆ ಹೋಗಿ ಪೆಟ್ಟಿಗೆ ಬಿಚ್ಚಿ ಸಾಮಾನುಗಳನ್ನು ಒಂದೊಂದಾಗಿ ಗೋಡೆಗೆ ನೇತುಹಾಕಿದ. ಆ ಸದ್ದು ಲುದಿಗೆ ಅಡುಗೆಮನೆಯವರೆಗೂ ಕೇಳುತ್ತಿತ್ತು. ಓಡಿಹೋಗಿ ಅವನ ಕಾಲು ಹಿಡಿದುಕೊಳ್ಳಬೇಕು ಅನಿಸಿತು. ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ನಿಜ ಹೇಳಿದರೆ ಅವನು ಹೊರಟುಬಿಡುತ್ತಾನೆ, ಇನ್ನು ಯಾರು ಹೇಳಿದರೂ ನಿಲ್ಲುವುದಿಲ್ಲ. ಬೆರಿತ್‌ಗೂ ಅವಳು ಹೇಳಲಿಲ್ಲ. ಹೇಳಿದ್ದರೆ ಆ ಹೆಂಗಸಿನ ಹೊಟ್ಟೆಯಲ್ಲಿ ಅದು ಒಂದು ದಿನ ನಿಲ್ಲುತ್ತಿರಲಿಲ್ಲ. ಹಾಗಾಗಿ ಬೆರಿತ್‌ಳ ಮುಖವೂ ಅವಳ ಕಡೆ ಬಿಗಿಯಿತು. ಕೊನೆಯ ವಾರ ಊಟದ ಪಾತ್ರೆಯನ್ನು ಬಾಗಿಲಲ್ಲೇ ಇಟ್ಟು ಹೋಗತೊಡಗಿದಳು. ಸೋಮವಾರ ಆರಿನ್ ಆಸ್ಪತ್ರೆಗೆ ಫೋನು ಮಾಡಲಿಲ್ಲ. ಅವನ ಹೆಸರು ಸಾಲಿನಲ್ಲಿ ಉಳಿಯಿತು. ಲುದಿಗೆ ಬೇಕಾದದ್ದು ಅದೊಂದೇ.

ಉಳಿದ ದಿನಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಅವನು ಮೊದಲಿನಂತೆಯೇ ಅವಳ ಕಾರಿಗೆ ಪೆಟ್ರೋಲು ಹಾಕಿಸಿ ತಂದ. ಅವಳು ಮೈನಾಟಿಗೆ ಕರೆದುಕೊಂಡು ಹೋಗಿ ಯಂತ್ರದ ಪಕ್ಕ ಕೂತಳು. ಅವನು ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಬಂದಿರಲಿಲ್ಲ ಎಂದು ಅವಳಿಗೆ ಗೊತ್ತು. ಇನ್ನು ನೀನು ಬರುವುದು ಬೇಡ, ಬೆರಿತ್ ಬರುತ್ತಾಳೆ, ನಿನಗೆ ಸುಮ್ಮನೆ ದಣಿವು ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವಿಮಾನ ನಿಲ್ದಾಣಕ್ಕೆ ಅವನೇ ಬಿಡಲು ಬಂದ, ಡಯಾಲಿಸಿಸ್ ಇಲ್ಲದ ದಿನ. ಹೊಲಗಳಲ್ಲಿ ಗೋಧಿ ಹಸುರಾಗಿ ಎದ್ದಿತ್ತು, ಗಾಳಿ ಇರಲಿಲ್ಲ. ಪೆಟ್ಟಿಗೆಗಳನ್ನು ತಾನೇ ಎತ್ತುತ್ತೇನೆ ಎಂದು ಹಟಮಾಡಿ ಎತ್ತಿದ, ಉಸಿರು ಕಟ್ಟಿದ್ದನ್ನು ತೋರಗೊಡದೆ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತ. ತಪಾಸಣೆಯ ಸಾಲಿನ ಹತ್ತಿರ ಬಂದಾಗ ಲುದಿ ಅವನ ಕಡೆ ತಿರುಗಿದಳು. ಮಾತ್ರೆ ಮರೆಯಬೇಡ ಎಂದಷ್ಟೇ ಹೇಳಿದಳು. ಮರೆಯುವುದಿಲ್ಲ ಎಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಊರಿಗೆ ಬಂದ ನೆಂಟರನ್ನು ಬೀಳ್ಕೊಡುವಾಗ ಅಲ್ಲಿಯ ಜನ ಹಾಗೆ ನಿಲ್ಲುತ್ತಾರೆ.

"ಬಂದಿದ್ದಕ್ಕೆ ಥ್ಯಾಂಕ್ಸ್, ಲುದಿ," ಎಂದ.

ಅವಳು ತಲೆಯಾಡಿಸಿ ಒಳಗೆ ನಡೆದಳು, ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಬಾ ಎಂದುಬಿಡುತ್ತಿದ್ದಳು.